ನರ್ಸಿಂಗ್ ಮುಗಿಯಿತು, ಮುಂದೇನು? ದೇಶ ಆರಿಸುವ ಮೊದಲು ಮಾಡಬೇಕಾದ ಕೆಲಸಗಳು

ಕೊನೆಯ ವರ್ಷದ ಮಕ್ಕಳು ಪೋಸ್ಟಿಂಗ್ ಮುಗಿಸಿ ಬರುವ ಹೊತ್ತಿಗೆ ಪ್ರತಿ ಸಲವೂ ಒಂದೇ ಪ್ರಶ್ನೆ: "ಮೇಡಂ, ಜರ್ಮನಿ ಒಳ್ಳೆಯದಾ, ಗಲ್ಫಾ?" ಅವರ ಹಿಂದೆಯೇ ಅಪ್ಪ ಅಮ್ಮ ಬಂದು ಕೇಳುತ್ತಾರೆ: "ಸರ್ಕಾರಿ ಕೆಲಸ ಆಗುತ್ತಾ ನೋಡಿ." ನಾನು ತಿರುಗಿ ಕೇಳುವುದು ಇಷ್ಟೇ: ಕೌನ್ಸಿಲ್ ನಂಬರ್, ಅಂದರೆ ನರ್ಸ್ ಆಗಿ ನೋಂದಣಿಯಾದ ಸಂಖ್ಯೆ ಬಂತಾ? ಮೊದಲ ಎರಡು ವರ್ಷ ಯಾವ ವಾರ್ಡಿನಲ್ಲಿ ಕಳೆಯುತ್ತೀರಿ? ಈ ಎರಡಕ್ಕೆ ಉತ್ತರವಿಲ್ಲದೆ ದೇಶದ ಬಗ್ಗೆ ಮಾತಾಡುವುದು ಗದ್ದೆ ಉಳುವ ಮೊದಲು ಭತ್ತದ ರೇಟು ಕೇಳಿದ ಹಾಗೆ. ಕರ್ನಾಟಕದಲ್ಲಿ ಬಿಎಸ್ಸಿ ನರ್ಸಿಂಗ್ ಅಥವಾ ಜಿಎನ್‌ಎಂ ಮುಗಿಸುತ್ತಿರುವವರು ಯಾವ ಕ್ರಮದಲ್ಲಿ ಏನೇನು ಮಾಡಿಕೊಳ್ಳಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಜಿಎನ್‌ಎಂ ಅಂದರೆ ಮೂರು ವರ್ಷದ ಡಿಪ್ಲೊಮಾ, ಬಿಎಸ್ಸಿ ನಾಲ್ಕು ವರ್ಷದ ಪದವಿ. ಇಬ್ಬರ ದಾರಿಯೂ ಬಹುಪಾಲು ಒಂದೇ. ಬೇರೆಯಾಗುವ ಕಡೆ ಹೇಳುತ್ತೇನೆ.

ಹಂತ 1: ಕಾಲೇಜು ಬಿಡುವ ಮೊದಲೇ ಫೈಲು ಕಟ್ಟಿ

ಮೊದಲು ನಿಮ್ಮ ಹೆಸರನ್ನು ನೋಡಿಕೊಳ್ಳಿ. ತಮಾಷೆಯಲ್ಲ. ನಮ್ಮ ಕಡೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್ ಇರುತ್ತವೆ, ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿರುತ್ತದೆ, ಪಾಸ್‌ಪೋರ್ಟ್ ಮಾಡಿಸುವಾಗ ಯಾರೋ ಇನಿಷಿಯಲ್ ಬಿಡಿಸಿ ಊರಿನ ಹೆಸರನ್ನೂ ಬರೆದಿರುತ್ತಾರೆ. ಇಲ್ಲಿದ್ದಾಗ ಇದು ಯಾರಿಗೂ ಕಾಣುವುದಿಲ್ಲ. ಹೊರದೇಶದ ಪರಿಶೀಲನೆಗೆ ಕಾಗದ ಹೋದಾಗ "ಈ ಮೂವರು ಒಬ್ಬರೇನಾ?" ಎಂಬ ಪ್ರಶ್ನೆ ಬಂದು ತಿಂಗಳುಗಟ್ಟಲೆ ನಿಲ್ಲುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೇ ಮೂಲವಾಗಿಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸಿ. ಅದರಲ್ಲೇ ತಪ್ಪಿದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ತಿದ್ದುಪಡಿ ಅರ್ಜಿ ಹೋಗಬೇಕು. ಕೌನ್ಸಿಲ್ ನೋಂದಣಿಗೆ ಮೊದಲೇ ಇದು ಮುಗಿದಿರಲಿ. ಆಮೇಲೆ ತಿದ್ದಿದರೆ ಪ್ರತಿ ಕಾಗದಕ್ಕೂ ಒಂದೊಂದು ಬಾಗಿಲು ಬಡಿಯಬೇಕಾಗುತ್ತದೆ.

ಎರಡನೆಯದು ಟ್ರಾನ್ಸ್‌ಕ್ರಿಪ್ಟ್. ಅಂದರೆ ನೀವು ಯಾವ ವಿಷಯವನ್ನು ಎಷ್ಟು ಗಂಟೆ ಓದಿದಿರಿ, ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ಪೋಸ್ಟಿಂಗ್ ಮಾಡಿದಿರಿ ಎಂಬ ಪಟ್ಟಿ. ಅಂಕಪಟ್ಟಿಯೇ ಬೇರೆ, ಇದೇ ಬೇರೆ. ಜರ್ಮನಿಯಾಗಲಿ ಅಮೆರಿಕವಾಗಲಿ ಮೊದಲು ಕೇಳುವುದು ಇದನ್ನೇ. ಕಾಲೇಜಿನಲ್ಲಿ ಪ್ರಾಂಶುಪಾಲರೂ ಕ್ಲರ್ಕೂ ನಿಮ್ಮ ಮುಖ ಗುರುತಿಸುವ ಕಾಲದಲ್ಲೇ ತೆಗೆಸಿಟ್ಟುಕೊಳ್ಳಿ. ಐದು ವರ್ಷ ಬಿಟ್ಟು ಹೋದರೆ ಆ ಕಾಲೇಜಿನ ಆಡಳಿತವೇ ಬದಲಾಗಿರುತ್ತದೆ. ಬಿಎಸ್ಸಿಯವರ ಪದವಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದಾಗಿದ್ದರೆ ಅಲ್ಲಿಂದಲೂ, ಜಿಎನ್‌ಎಂನವರು ಡಿಪ್ಲೊಮಾ ಪರೀಕ್ಷಾ ಮಂಡಳಿಯಿಂದಲೂ ಬರಬೇಕಾದ ಕಾಗದಗಳನ್ನು ಪಟ್ಟಿ ಮಾಡಿಕೊಳ್ಳಿ.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ: ಹೆಪಟೈಟಿಸ್ ಬಿ ಲಸಿಕೆ. ಮೂರು ಡೋಸ್, ಮೊದಲನೆಯದು ಹಾಕಿಸಿಕೊಂಡ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಆಮೇಲೆ ರಕ್ತದಲ್ಲಿ ರೋಗನಿರೋಧಕ ಅಂಶ ಬಂದಿದೆಯೇ ಎಂದು ಟೈಟರ್ ಪರೀಕ್ಷೆ. ಸೂಜಿ ಚುಚ್ಚಿಕೊಳ್ಳುವ ಅಪಾಯ ಪೋಸ್ಟಿಂಗ್‌ನಲ್ಲೇ ಶುರುವಾಗುತ್ತದೆ. ವೀಸಾ ಬಂದ ಮೇಲೆ ಆರು ತಿಂಗಳ ಲಸಿಕೆ ಶುರು ಮಾಡಲು ಯಾರೂ ಕಾಯುವುದಿಲ್ಲ.

ಹಂತ 2: ನೋಂದಣಿ

ಪದವಿ ಕೈಯಲ್ಲಿದ್ದರೂ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗುವವರೆಗೆ ನೀವು ಕಾನೂನಿನ ಕಣ್ಣಲ್ಲಿ ನರ್ಸ್ ಅಲ್ಲ. ಆರ್‌ಎನ್, ಆರ್‌ಎಂ ಎಂದು ಎರಡು ಅಕ್ಷರಗುಚ್ಛ ನೋಡುತ್ತೀರಿ. ಮೊದಲನೆಯದು ನೋಂದಾಯಿತ ನರ್ಸ್, ಎರಡನೆಯದು ನೋಂದಾಯಿತ ಪ್ರಸೂತಿ ಶುಶ್ರೂಷಕಿ. ಇದರ ಜೊತೆಗೆ ರಾಷ್ಟ್ರಮಟ್ಟದ ದಾಖಲೆಗಾಗಿ ಎನ್‌ಯುಐಡಿ ಎಂಬ ಗುರುತಿನ ಸಂಖ್ಯೆಯೂ ಇದೆ, ಅದನ್ನೂ ಮಾಡಿಸಿಕೊಳ್ಳಿ. ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಮುಂದುವರಿದ ಕಲಿಕೆಯ ಗಂಟೆಗಳ ಲೆಕ್ಕ ಬೇಕು. ಕಾರ್ಯಾಗಾರ, ಸಮ್ಮೇಳನಗಳಿಗೆ ಹೋದಾಗ ಊಟದ ಕೂಪನ್ ಜೊತೆ ಸರ್ಟಿಫಿಕೇಟೂ ತೆಗೆದುಕೊಂಡು ಬನ್ನಿ.

ಇಲ್ಲಿ ಓದಿ ಬೇರೆ ರಾಜ್ಯದಲ್ಲಿ ಕೆಲಸಕ್ಕೆ ಸೇರುವವರು ಇಲ್ಲಿಂದ ನಿರಾಕ್ಷೇಪಣಾ ಪತ್ರ ತೆಗೆದುಕೊಂಡು ಅಲ್ಲಿನ ಕೌನ್ಸಿಲ್‌ಗೆ ಸೇರಬೇಕು. ಕೇರಳಕ್ಕೆ ಮರಳುವ ನಿಮ್ಮ ಸಹಪಾಠಿಗಳಿಗೆ ಇದು ಗೊತ್ತಿರುತ್ತದೆ, ಮುಂಬೈಗೋ ಹೈದರಾಬಾದಿಗೋ ಹೋಗುವ ನಮ್ಮ ಹುಡುಗಿಯರಿಗೆ ಗೊತ್ತಿರುವುದಿಲ್ಲ.

ಒಂದು ಗೊಂದಲವನ್ನು ಇಲ್ಲೇ ಬಿಡಿಸುತ್ತೇನೆ. 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಪ್ರಸೂತಿ ಶುಶ್ರೂಷಾ ಆಯೋಗದ ಕಾಯ್ದೆಯನ್ನು ಸಂಸತ್ತು 2023ರಲ್ಲಿ ತಂದಿತು. ಅರ್ಜಿ, ವೆಬ್‌ಸೈಟುಗಳಲ್ಲಿ ಹಳೆಯ ಹೆಸರೂ ಹೊಸ ಹೆಸರೂ ಬೆರೆತು ಕಂಡರೆ ಗಾಬರಿ ಬೀಳಬೇಡಿ. "ಹೊಸ ಕಾನೂನು ಬಂತು, ನಿಮ್ಮ ಹಳೆ ನಂಬರ್ ನಡೆಯಲ್ಲ, ನಾವು ಮಾಡಿಸಿಕೊಡ್ತೀವಿ" ಎಂದು ದುಡ್ಡು ಕೇಳುವವರನ್ನು ಬಾಗಿಲಲ್ಲೇ ಕಳಿಸಿಬಿಡಿ.

ಹಂತ 3: ಮೊದಲ ವಾರ್ಡು

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಮುಂದಿನ ಎಲ್ಲ ದಾರಿಗಳಿಗೂ ಟೋಲ್‌ಗೇಟು ಇದೇ. ಗಲ್ಫಿನ ಉದ್ಯೋಗದಾತರು ಸಾಮಾನ್ಯವಾಗಿ ಎರಡು ವರ್ಷದ ಅನುಭವ ಕೇಳುತ್ತಾರೆ. ಬಿಎಸ್ಸಿ ಮುಗಿಸಿದವರು ಎಂಎಸ್ಸಿ ನರ್ಸಿಂಗ್‌ಗೆ ಸೇರಲು ಒಂದು ವರ್ಷದ ಕೆಲಸ ಬೇಕು. ಏಮ್ಸ್ ಪರೀಕ್ಷೆಗೆ ಜಿಎನ್‌ಎಂನವರು ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ಮಾಡಿರಬೇಕು. ಆದ್ದರಿಂದ ಕೆಲಸ ಹುಡುಕುವಾಗ ಕೇಳಬೇಕಾದ ಮೊದಲ ಪ್ರಶ್ನೆ ಸಂಬಳವಲ್ಲ, ಹಾಸಿಗೆಗಳ ಸಂಖ್ಯೆ. ಮನೆ ಪಕ್ಕದ 20 ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ ಡಾಕ್ಟರು ಮನೆಯವರಂತೆ ನೋಡಿಕೊಳ್ಳಬಹುದು. ಆದರೆ ಅಲ್ಲಿ ಮೂರು ವರ್ಷ ಕಳೆದರೂ ಆ ಅನುಭವ ಪತ್ರ ಹಲವು ಕಡೆ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯ ಪ್ರಶ್ನೆ: ಒಂದು ಶಿಫ್ಟಿನಲ್ಲಿ ಒಬ್ಬ ನರ್ಸಿಗೆ ಎಷ್ಟು ರೋಗಿಗಳು? ಇಂಟರ್‌ವ್ಯೂನಲ್ಲಿ ಎಚ್‌ಆರ್ ಹೇಳುವ ಉತ್ತರವನ್ನು ನಂಬಬೇಡಿ. ಹೊರಬಂದು ಕ್ಯಾಂಟೀನಿನಲ್ಲಿ ನೈಟ್ ಮುಗಿಸಿ ಚಹಾ ಕುಡಿಯುತ್ತಿರುವ ಸಿಸ್ಟರನ್ನೋ ಬ್ರದರನ್ನೋ ಕೇಳಿ. ಐದು ನಿಮಿಷದಲ್ಲಿ ಇಡೀ ಆಸ್ಪತ್ರೆಯ ಜಾತಕ ಸಿಗುತ್ತದೆ.

ಎಲ್ಲರಿಗೂ ನೇರವಾಗಿ ಐಸಿಯುಗೇ ಹೋಗುವ ಆಸೆ, ಹೊರದೇಶದಲ್ಲಿ ಐಸಿಯು ಅನುಭವಕ್ಕೆ ಬೆಲೆ ಅಂತ. ಬೆಲೆ ಇರುವುದು ನಿಜ. ಆದರೂ ಮೊದಲ ಆರು ತಿಂಗಳು ಜನರಲ್ ಮೆಡಿಕಲ್ ಅಥವಾ ಸರ್ಜಿಕಲ್ ವಾರ್ಡು ಸಿಕ್ಕರೆ ಬಿಡಬೇಡಿ ಅನ್ನುವುದು ನನ್ನ ಅಭಿಪ್ರಾಯ, ಇದನ್ನು ಒಪ್ಪದ ಸಹೋದ್ಯೋಗಿಗಳೂ ಇದ್ದಾರೆ. ವಾರ್ಡಿನಲ್ಲಿ ಮಾನಿಟರ್ ಇರುವುದಿಲ್ಲ. ರೋಗಿ ಬೆವರುತ್ತಿದ್ದಾನೆ, ಉತ್ತರ ಕೊಡುವುದು ನಿಧಾನವಾಗಿದೆ, ಬೆಳಿಗ್ಗೆಯಿಂದ ಮೂತ್ರವಾಗಿಲ್ಲ ಅನ್ನುವುದನ್ನು ನೀವೇ ಕಂಡುಹಿಡಿಯಬೇಕು. ಆ ಕಣ್ಣು ಬಂದ ಮೇಲೆ ವೆಂಟಿಲೇಟರ್ ಕಲಿಯುವುದು ಕಷ್ಟವಲ್ಲ. ಜೊತೆಗೆ ಬಿಎಲ್‌ಎಸ್, ಎಸಿಎಲ್‌ಎಸ್ ತರಬೇತಿ ಮಾಡಿಕೊಳ್ಳಿ: ಹೃದಯ ನಿಂತಾಗ ಮಾಡುವ ಮೊದಲ ಉಪಚಾರ ಮತ್ತು ಅದರ ಮುಂದಿನ ಹಂತ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಪ್ರಮಾಣಪತ್ರ ಎರಡು ವರ್ಷ ಮಾತ್ರ ನಡೆಯುತ್ತದೆ. ಕೆಲಸಕ್ಕೆ ಅರ್ಜಿ ಹಾಕುವ ಕಾಲ ಲೆಕ್ಕಹಾಕಿ ಮಾಡಿಸಿ.

ಇನ್ನು ಸಂಬಳ. ಸುಪ್ರೀಂ ಕೋರ್ಟಿನ 2016ರ ಆದೇಶದ ಬಳಿಕ ಕೇಂದ್ರ ರಚಿಸಿದ ಸಮಿತಿ ಖಾಸಗಿ ಆಸ್ಪತ್ರೆಗಳಿಗೆ ಒಂದು ಅಳತೆ ಹೇಳಿತು. 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ರಾಜ್ಯ ಸರ್ಕಾರದ ನರ್ಸಿನ ಸಮಾನ ಸಂಬಳ. ಆಸ್ಪತ್ರೆ ಚಿಕ್ಕದಾದಂತೆ ಸ್ವಲ್ಪ ಕಡಿಮೆ. 50 ಹಾಸಿಗೆಗಿಂತ ಚಿಕ್ಕದಾದರೂ ತಿಂಗಳಿಗೆ 20,000 ರೂಪಾಯಿಗೆ ಇಳಿಯಬಾರದು. ಇದು ಶಿಫಾರಸು, ಜಾರಿ ರಾಜ್ಯಗಳ ಕೈಯಲ್ಲಿದೆ, ಎಲ್ಲ ಕಡೆ ಸಿಗುತ್ತಿದೆ ಎಂದು ನಾನು ಹೇಳಿದರೆ ನೀವೇ ನಗುತ್ತೀರಿ. ಆದರೂ ಅಳತೆ ಗೊತ್ತಿದ್ದರೆ ಮಾತಾಡಲು ಬಾಯಿ ಬರುತ್ತದೆ. ಸಂಬಳ ಎಷ್ಟೇ ಇರಲಿ, ಬ್ಯಾಂಕ್ ಖಾತೆಗೇ ಬರಬೇಕು, ಪಿಎಫ್ ಕಡಿತವಾಗಬೇಕು. ಕೈಗೆ ನಗದು ಕೊಡುವ ಜಾಗದಲ್ಲಿ ನೀವು ದುಡಿದದ್ದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ.

ಇಷ್ಟು ವರ್ಷ ಕೆಲಸ ಬಿಡುವುದಿಲ್ಲ ಎಂದು ಬರೆಸಿಕೊಳ್ಳುವ ಬಾಂಡ್ ಬಗ್ಗೆ ಗಟ್ಟಿಯಾಗಿ ಒಂದೇ ಮಾತು: ಮೂಲ ಪ್ರಮಾಣಪತ್ರಗಳನ್ನು ಯಾರ ಕೈಗೂ ಒಪ್ಪಿಸಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ವಾಪಸ್ ಚೀಲಕ್ಕೆ ಹಾಕಿಕೊಳ್ಳಿ. "ಎರಡು ವರ್ಷ ನಮ್ಮ ಹತ್ತಿರವೇ ಇರಲಿ" ಎಂದವರ ಹತ್ತಿರ ಸಿಕ್ಕಿಹಾಕಿಕೊಂಡು ಸರ್ಕಾರಿ ಕೆಲಸದ ದಾಖಲೆ ಪರಿಶೀಲನೆಗೆ ಹೋಗಲಾಗದೆ ಕೂತ ಹುಡುಗಿಯನ್ನು ನಾನು ಕಂಡಿದ್ದೇನೆ.

ಹಂತ 4: ಸರ್ಕಾರಿ ಕೆಲಸ ಬೇಕಿದ್ದರೆ

ಇದರಲ್ಲಿ ಎರಡು ಬಾಗಿಲುಗಳಿವೆ, ಕೇಂದ್ರದ್ದು ಮತ್ತು ರಾಜ್ಯದ್ದು.

ಕೇಂದ್ರದ್ದರಲ್ಲಿ ದೊಡ್ಡದು ನಾರ್ಸೆಟ್. ಏಮ್ಸ್ ಸಂಸ್ಥೆಗಳಿಗೆ ನರ್ಸಿಂಗ್ ಆಫೀಸರ್‌ಗಳನ್ನು ಆರಿಸುವ ಸಾಮಾನ್ಯ ಪರೀಕ್ಷೆ. ಮೊದಲು ಪ್ರಿಲಿಮ್ಸ್, ದಾಟಿದವರಿಗೆ ಮೇನ್ಸ್. ಪೇ ಲೆವೆಲ್ 7, ಅಂದರೆ ಮೂಲ ವೇತನ 44,900 ರೂಪಾಯಿಯಿಂದ ಶುರು, ಭತ್ಯೆಗಳು ಬೇರೆ. ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಕಳೆಯುತ್ತಾರೆ, ಗೊತ್ತಿಲ್ಲದ್ದನ್ನು ಕಣ್ಣುಮುಚ್ಚಿ ಒತ್ತುವ ಚಟ ಬಿಡಬೇಕು. ವಯಸ್ಸು 18ರಿಂದ 30, ಮೀಸಲಾತಿ ಇರುವವರಿಗೆ ಸಡಿಲಿಕೆ. ಹುದ್ದೆಗಳಲ್ಲಿ ಶೇ 80 ಮಹಿಳೆಯರಿಗೆ, 20 ಪುರುಷರಿಗೆ, ಹಾಗಾಗಿ ಬ್ರದರ್‌ಗಳು ಹೆಚ್ಚು ಅಂಕ ತೆಗೆಯಬೇಕಾಗುತ್ತದೆ. ಇದನ್ನು ಮೊದಲೇ ತಿಳಿದು ಓದಿ, ಫಲಿತಾಂಶದ ದಿನ ಬೈದುಕೊಳ್ಳಬೇಡಿ. ಇಎಸ್‌ಐ ಆಸ್ಪತ್ರೆಗಳು, ರೈಲ್ವೆ, ನಿಮ್ಹಾನ್ಸ್, ಪುದುಚೇರಿಯ ಜಿಪ್ಮರ್ ಕೂಡ ಆಗಾಗ ಕರೆಯುತ್ತವೆ. ಬಿಎಸ್ಸಿ ಮುಗಿಸಿದ ಹೆಣ್ಣುಮಕ್ಕಳಿಗೆ ಸೇನೆಯ ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿ ಶಾರ್ಟ್ ಸರ್ವಿಸ್ ಕಮಿಷನ್ ಇದೆ, ಸೇರುವಾಗಲೇ ಲೆಫ್ಟಿನೆಂಟ್ ದರ್ಜೆ. ನಮ್ಮ ಮಕ್ಕಳು ಇದಕ್ಕೆ ಅರ್ಜಿ ಹಾಕುವುದೇ ಕಡಿಮೆ, ಯಾಕೋ ಗೊತ್ತಿಲ್ಲ.

ನಮ್ಮ ರಾಜ್ಯದವರು ಇಲ್ಲಿ ಹೆಚ್ಚಾಗಿ ಎಡವುವುದು ಜಾತಿ ಪ್ರಮಾಣಪತ್ರದಲ್ಲಿ. ನಮ್ಮ 2ಎ, 3ಬಿ ಪ್ರವರ್ಗಗಳು ಕೇಂದ್ರಕ್ಕೆ ಅರ್ಥವಾಗುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯೇ ನೋಡಿ, ಇದ್ದರೆ ತಹಶೀಲ್ದಾರರಿಂದ ಕೇಂದ್ರದ ನಮೂನೆಯಲ್ಲೇ ಕೆನೆಪದರ ರಹಿತ ಪ್ರಮಾಣಪತ್ರ ಮಾಡಿಸಿ. ಅಧಿಸೂಚನೆಯಲ್ಲಿ ಯಾವ ತಾರೀಖಿನ ಒಳಗಿನದು ಬೇಕು ಎಂದು ಬರೆದಿರುತ್ತಾರೆ. ಒಳ್ಳೆಯ ರ‍್ಯಾಂಕ್ ಬಂದು ಈ ಒಂದು ಹಾಳೆಗೆ ಕೆಲಸ ಕಳೆದುಕೊಳ್ಳುವುದು ಹೊಟ್ಟೆ ಉರಿಸುವ ಸಂಗತಿ.

ರಾಜ್ಯದಲ್ಲಿ ಹುದ್ದೆಯ ಹೆಸರು ಈಗ ಶುಶ್ರೂಷಾಧಿಕಾರಿ. ಕಾಯಂ ನೇಮಕಾತಿ ಯಾವಾಗ ಬರುತ್ತದೆಂದು ಹೇಳಲಾಗದು. ಬಂದಾಗ ಕಲ್ಯಾಣ ಕರ್ನಾಟಕದವರು 371ಜೆ ಪ್ರಮಾಣಪತ್ರ, ಹಳ್ಳಿಯ ಶಾಲೆಯಲ್ಲಿ ಓದಿದವರು ಗ್ರಾಮೀಣ ಪ್ರಮಾಣಪತ್ರ, ಕನ್ನಡ ಮಾಧ್ಯಮದವರು ಅದರ ಪತ್ರ, ಎಲ್ಲವನ್ನೂ ಮೊದಲೇ ಸಿದ್ಧವಿಟ್ಟುಕೊಂಡಿರಬೇಕು. ಅರ್ಜಿಗೆ ಕೊನೆಯ ವಾರ ನಾಡಕಚೇರಿ ಸರ್ವರ್ ಕೈಕೊಡುವುದು ನಮಗೆಲ್ಲ ಗೊತ್ತಿರುವ ಕಥೆ.

ಕಾಯಂ ಹುದ್ದೆ ಬರುವವರೆಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಗುತ್ತಿಗೆ ಕೆಲಸಗಳಿರುತ್ತವೆ. ಅದರಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ ಹುದ್ದೆ ಯೋಚಿಸಬೇಕಾದದ್ದು. ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹೆಸರಿನ ಉಪಕೇಂದ್ರದಲ್ಲಿ ನೀವೇ ಮುಖ್ಯ: ಬಿಪಿ, ಸಕ್ಕರೆ ತಪಾಸಣೆ, ಗರ್ಭಿಣಿಯರ ಆರೈಕೆ, ಇ-ಸಂಜೀವಿನಿಯಲ್ಲಿ ಡಾಕ್ಟರ ಜೊತೆ ವಿಡಿಯೊ ಸಮಾಲೋಚನೆ. ಇದಕ್ಕೆ ಸಮುದಾಯ ಆರೋಗ್ಯದ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಬೇಕು, ಇಲ್ಲವೇ ನಿಮ್ಮ ಬಿಎಸ್ಸಿ ಪಠ್ಯದಲ್ಲೇ ಅದು ಸೇರಿರಬೇಕು. ಹಳ್ಳಿಯಲ್ಲಿ ಒಂಟಿಯಾಗಿ ನಿರ್ಧಾರ ತೆಗೆದುಕೊಳ್ಳುವ ಧೈರ್ಯ ಇರುವವರಿಗೆ ಇದು ಚೆನ್ನ. ಬರೆಯುವ ಕೆಲಸ ಮಾತ್ರ ಮುಗಿಯುವುದೇ ಇಲ್ಲ.

ಹಂತ 5: ಹೊರದೇಶ

ಪ್ರತಿ ದೇಶಕ್ಕೂ ಒಂದು ಬೀಗ, ಒಂದು ಕೀ. ಗಲ್ಫಿಗೆ ಪರಿಶೀಲನೆ, ಜರ್ಮನಿಗೆ ಭಾಷೆ, ಬ್ರಿಟನ್ನಿಗೆ ಇಂಗ್ಲಿಷ್ ಮತ್ತು ಕೈಕೆಲಸದ ಪರೀಕ್ಷೆ, ಅಮೆರಿಕಕ್ಕೆ ತಾಳ್ಮೆ.

ಗಲ್ಫ್. ಸೌದಿಯವರದು ಪ್ರೊಮೆಟ್ರಿಕ್ ಕೇಂದ್ರದಲ್ಲಿ ಬರೆಯುವ ಬಹುಆಯ್ಕೆ ಪರೀಕ್ಷೆ, ದುಬೈಯವರದು ಅಲ್ಲಿನ ಆರೋಗ್ಯ ಪ್ರಾಧಿಕಾರ ನಡೆಸುವ ಡಿಎಚ್‌ಎ, ಹೀಗೆ ಬೇರೆ ಬೇರೆ. ಜೊತೆಗೆ ಡೇಟಾಫ್ಲೋ ಪರಿಶೀಲನೆ: ನೀವು ಕೊಟ್ಟ ಪ್ರತಿ ಕಾಗದವನ್ನೂ ಅದು ಹೊರಟ ಜಾಗಕ್ಕೇ ಕಳಿಸಿ "ಇದು ನಿಮ್ಮದೇನಾ?" ಎಂದು ಕೇಳುತ್ತಾರೆ. ಸುಳ್ಳು ಅನುಭವ ಪತ್ರ ಇಲ್ಲಿ ಸಿಕ್ಕಿಬೀಳುತ್ತದೆ, ಒಮ್ಮೆ ಬಿದ್ದ ಕಪ್ಪುಚುಕ್ಕೆ ಮುಂದಿನ ಅರ್ಜಿಗಳನ್ನೂ ಹಿಂಬಾಲಿಸುತ್ತದೆ. ಏಜೆಂಟ್ "ಆರು ತಿಂಗಳನ್ನು ಎರಡು ವರ್ಷ ಮಾಡಿಕೊಡ್ತೀನಿ" ಅಂದರೆ ಅವನ ಕಮಿಷನ್ ಅವನಿಗೆ, ಕಪ್ಪುಚುಕ್ಕೆ ನಿಮಗೆ.

2015ರಿಂದ ಸೌದಿ, ಕುವೈತ್, ಯುಎಇ, ಕತಾರ್ ಮೊದಲಾದ 18 ದೇಶಗಳಿಗೆ ಹೋಗುವ ನರ್ಸುಗಳಿಗೆ ವಲಸೆ ಅನುಮತಿ ಕಡ್ಡಾಯ. ಏಜೆನ್ಸಿಗೆ ವಿದೇಶಾಂಗ ಸಚಿವಾಲಯದ ಪರವಾನಗಿ ಇದೆಯೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೀವೇ ನೋಡಬಹುದು. ಪರವಾನಗಿ ಇರುವ ಏಜೆಂಟ್ ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಜೊತೆಗೆ ಜಿಎಸ್‌ಟಿ. ಲಕ್ಷಗಳ ಮಾತಾಡಿದರೆ ಎದ್ದು ಬನ್ನಿ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಿಸಿಕೊಳ್ಳೋಣ ಅಂದರಂತೂ ಓಡಿ ಬನ್ನಿ.

ಜರ್ಮನಿ. ಇಲ್ಲಿ ಕೆಲಸಕ್ಕಿಂತ ಭಾಷೆ ದೊಡ್ಡದು. ಎ1ರಿಂದ ಸಿ2ರವರೆಗಿನ ಮೆಟ್ಟಿಲುಗಳಲ್ಲಿ ಸಾಮಾನ್ಯವಾಗಿ ಬಿ2 ತಲುಪಿದರೆ ನಿಮ್ಮ ಪದವಿಗೆ ಪೂರ್ತಿ ಮಾನ್ಯತೆ ಸಿಗುತ್ತದೆ. ಕೆಲಸ ಬಿಟ್ಟು ದಿನವಿಡೀ ಓದಿದರೂ ಎಂಟು-ಹತ್ತು ತಿಂಗಳು ಬೇಕು. ನೈಟ್ ಡ್ಯೂಟಿ ಮಾಡಿಕೊಂಡು ಓದಿದರೆ ಒಂದೂವರೆ ವರ್ಷ ಇಟ್ಟುಕೊಳ್ಳಿ. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ತರಗತಿಯೂ ಪರೀಕ್ಷೆಯೂ ಇವೆ. ನಿಮ್ಮ ಓದಿನ ಗಂಟೆಗಳನ್ನು ಅಲ್ಲಿನ ರಾಜ್ಯದ ಅಧಿಕಾರಿಗಳು ತಮ್ಮ ಪಠ್ಯದ ಜೊತೆ ತಾಳೆ ನೋಡಿ ಕೊರತೆಯ ಪತ್ರ ಕೊಡುತ್ತಾರೆ. ಅದನ್ನು ಅಲ್ಲಿ ಹೋಗಿ ತರಬೇತಿಯಿಂದಲೋ ಪರೀಕ್ಷೆಯಿಂದಲೋ ತುಂಬಬೇಕು, ಅಲ್ಲಿಯವರೆಗೆ ಸಹಾಯಕರ ಸಂಬಳ. ಟ್ರಾನ್ಸ್‌ಕ್ರಿಪ್ಟ್ ಎಂದು ಮೊದಲೇ ಯಾಕೆ ಹಟ ಹಿಡಿದೆ ಎಂದು ಈಗ ಗೊತ್ತಾಗಿರಬೇಕು.

ಜರ್ಮನಿಯ ಹೆಸರಲ್ಲಿ ನಡೆಯುವ ದೊಡ್ಡ ಮೋಸ ಔಸ್‌ಬಿಲ್ಡುಂಗ್. ಅದು ಪಿಯುಸಿ ಮುಗಿಸಿದವರು ಅಲ್ಲಿ ಹೋಗಿ ಮೂರು ವರ್ಷ ದುಡಿಯುತ್ತಾ ನರ್ಸಿಂಗ್ ಕಲಿಯುವ ವ್ಯವಸ್ಥೆ, ಅದರಷ್ಟಕ್ಕೆ ಒಳ್ಳೆಯದೇ. ಆದರೆ ಭಾಷೆಯ ಮಟ್ಟ ಕಡಿಮೆ ಸಾಕು ಎಂಬ ಆಮಿಷ ತೋರಿಸಿ ನಾಲ್ಕು ವರ್ಷ ಓದಿ ಬಿಎಸ್ಸಿ ಮಾಡಿದವರನ್ನೂ ಇದಕ್ಕೆ ತಳ್ಳುತ್ತಾರೆ. ಮತ್ತೆ ಮೂರು ವರ್ಷ ವಿದ್ಯಾರ್ಥಿ ಭತ್ಯೆಯಲ್ಲಿ ಕಳೆಯಲು ನಿಮಗೆ ಒಪ್ಪಿಗೆಯೇ ಎಂದು ಕೇಳಿಕೊಳ್ಳಿ.

ಬ್ರಿಟನ್. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ಓದು, ಕೇಳು, ಮಾತು ಮೂರಕ್ಕೂ 7, ಬರವಣಿಗೆಗೆ 6.5 ಬೇಕು. ಇಲ್ಲವೇ ಆಸ್ಪತ್ರೆಯ ಭಾಷೆಯಲ್ಲೇ ನಡೆಯುವ ಒಇಟಿ. ನಮ್ಮವರಿಗೆ ಎರಡನೆಯದು ಹಗುರ ಅನ್ನಿಸುತ್ತದೆ, ರೆಫರಲ್ ಪತ್ರ ಬರೆಯುವುದು ಪ್ರಬಂಧ ಬರೆಯುವುದಕ್ಕಿಂತ ಪರಿಚಿತ. ಆಮೇಲೆ ಕಂಪ್ಯೂಟರ್ ಪರೀಕ್ಷೆ, ಅಲ್ಲಿ ಹೋದ ಮೇಲೆ ಆಸ್ಕಿ ಎಂಬ ಕೈಕೆಲಸದ ಪರೀಕ್ಷೆ. 2024ರಿಂದೀಚೆಗೆ ಅಲ್ಲಿನ ಸರ್ಕಾರಿ ಆಸ್ಪತ್ರೆಗಳು ಹೊರಗಿನವರನ್ನು ತೆಗೆದುಕೊಳ್ಳುವುದು ಬಹಳ ಇಳಿದಿದೆ, ಕೆಲಸದ ಪತ್ರ ಕೈಗೆ ಬರದೆ ಸಾಲ ಮಾಡಬೇಡಿ.

ಅಮೆರಿಕ. ಅಲ್ಲಿ ನರ್ಸ್ ಪರವಾನಗಿಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು, ಪಾಸಾಗುವವರೂ ಕಡಿಮೆಯಿಲ್ಲ. ತಡೆ ಇರುವುದು ವೀಸಾದಲ್ಲಿ: ಇಬಿ-3, ಅಂದರೆ ಕೆಲಸದ ಆಧಾರದ ಮೇಲೆ ಕಾಯಂ ವಾಸಕ್ಕೆ ಕೊಡುವ ವೀಸಾಕ್ಕೆ ಭಾರತದವರ ಸರದಿ ಹತ್ತು ವರ್ಷಕ್ಕೂ ಮೀರಿದೆ. "ಎನ್‌ಕ್ಲೆಕ್ಸ್ ಪಾಸ್, ಮುಂದಿನ ವರ್ಷ ವಿಮಾನ" ಎಂಬ ಕೋಚಿಂಗ್ ಜಾಹೀರಾತನ್ನು ಓದುವಾಗ ಇದನ್ನು ನೆನಪಿಟ್ಟುಕೊಳ್ಳಿ. ಆದರೂ ಆಸ್ಟ್ರೇಲಿಯಾದ ನೋಂದಣಿಗೂ ಇದೇ ಪರೀಕ್ಷೆ ಬಳಕೆಯಾಗುವುದರಿಂದ ಬರೆದದ್ದು ಪೂರ್ತಿ ವ್ಯರ್ಥವಲ್ಲ.

ಯಾವ ದೇಶವಾದರೂ, ಕರಾರು ಪತ್ರದಲ್ಲಿ ಹುದ್ದೆಯ ಹೆಸರು ಓದಿ. ನರ್ಸ್ ಬೇರೆ, ಕೇರ್‌ಗಿವರ್ ಬೇರೆ. ಕೇರ್‌ಗಿವರ್ ಆಗಿ ಹೋಗಿ ಮೂರು ವರ್ಷ ಕಳೆದರೆ ಅದು ನರ್ಸಿಂಗ್ ಅನುಭವವಾಗಿ ಲೆಕ್ಕಕ್ಕೆ ಬರುವುದು ಅನುಮಾನ.

ಹಂತ 6: ಹಾಸಿಗೆಯ ಪಕ್ಕ ಬೇಡ ಅನ್ನಿಸಿದರೆ

ಕೆಲವರಿಗೆ ಎರಡು ವರ್ಷಕ್ಕೇ ಬೆನ್ನು, ನಿದ್ದೆ, ಮನಸ್ಸು ಮೂರೂ ಸೋಲುತ್ತವೆ. ಅದಕ್ಕೆ ನಾಚಿಕೆಪಡಬೇಕಾಗಿಲ್ಲ. ಮುಂದೆ ಓದುವುದಾದರೆ ಜಿಎನ್‌ಎಂನವರಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ, ಬಿಎಸ್ಸಿಯವರಿಗೆ ಎರಡು ವರ್ಷದ ಎಂಎಸ್ಸಿ, ಅದರಲ್ಲಿ ಐದು ವಿಭಾಗ. ಮನೋರೋಗ ಶುಶ್ರೂಷೆಯಲ್ಲಿ ಆಸಕ್ತಿ ಇದ್ದವರಿಗೆ ನಿಮ್ಹಾನ್ಸ್ ನಮ್ಮ ಊರಲ್ಲೇ ಇರುವುದು ಅದೃಷ್ಟ. ಬೋಧನೆಗೆ ಬರುವ ಆಸೆಯಿದ್ದರೆ ಬನ್ನಿ, ಆದರೆ ವಾರ್ಡು ನೋಡದೆ ಬರಬೇಡಿ. ಎಂಎಸ್ಸಿ ಮುಗಿಸಿ ನೇರ ಕ್ಲಾಸಿಗೆ ಬಂದವರನ್ನು ಮಕ್ಕಳು ಮೂರೇ ದಿನದಲ್ಲಿ ಅಳೆದುಬಿಡುತ್ತಾರೆ.

ಓದದೆಯೂ ದಾರಿಗಳಿವೆ. ಸೋಂಕು ನಿಯಂತ್ರಣ ನರ್ಸ್, ಗುಣಮಟ್ಟ ವಿಭಾಗ, ಡಯಾಲಿಸಿಸ್, ಕಾರ್ಖಾನೆಯ ಆರೋಗ್ಯ ಕೇಂದ್ರ, ಶಾಲೆ, ವಿಮಾ ಕಂಪನಿಯ ಕ್ಲೇಮು ಪರಿಶೀಲನೆ, ಔಷಧ ಸಂಶೋಧನೆಯ ಸಂಯೋಜಕರು. ಬೆಂಗಳೂರಿನ ಕರುಣಾಶ್ರಯದಂಥ ಕಡೆ ನಡೆಯುವ ಉಪಶಮನ ಆರೈಕೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಕೆಲಸ, ನಮ್ಮ ವೃತ್ತಿಯ ಅತ್ಯುತ್ತಮ ಭಾಗ ಅನ್ನುವುದು ನನ್ನ ಪಕ್ಷಪಾತ. ಮೆಡಿಕಲ್ ಕೋಡಿಂಗ್, ಅಂದರೆ ರೋಗ ಮತ್ತು ಚಿಕಿತ್ಸೆಯ ದಾಖಲೆಯನ್ನು ಬಿಲ್ಲಿಗಾಗಿ ಸಂಕೇತಗಳಿಗೆ ಇಳಿಸುವ ಕಂಪ್ಯೂಟರ್ ಕೆಲಸಕ್ಕೂ ಬಹಳ ಜನ ಹೋಗುತ್ತಿದ್ದಾರೆ. ಕುಳಿತು ಮಾಡುವ ಕೆಲಸ, ಕೆಲವು ಕಡೆ ನೈಟ್ ಇಲ್ಲ. ಆದರೆ ಹೋದ ಮೇಲೆ ಮತ್ತೆ ವಾರ್ಡಿಗೆ ಬರುವುದು ಕಷ್ಟ, ಹೊರದೇಶದವರು ಇತ್ತೀಚಿನ ಹಾಸಿಗೆ ಪಕ್ಕದ ಅನುಭವವನ್ನೇ ಕೇಳುತ್ತಾರೆ. ಎರಡು-ಮೂರು ವರ್ಷದ ಅಂತರ ಬಿದ್ದರೆ ಆ ಬಾಗಿಲು ಅರ್ಧ ಮುಚ್ಚಿದ ಹಾಗೆ.

ಹಂತ 7: ಕೆಲಸ ಬಿಡುವಾಗ

ಯಾವ ದಾರಿ ಹಿಡಿದರೂ ಮೊದಲ ಆಸ್ಪತ್ರೆಯನ್ನು ಜಗಳವಾಡಿ ಬಿಡಬೇಡಿ. ಮೂರು ವರ್ಷ ಬಿಟ್ಟು ಡೇಟಾಫ್ಲೋ ಪತ್ರ ಬರುವುದು ಅದೇ ಎಚ್‌ಆರ್ ಮೇಜಿಗೆ. ನೋಟಿಸ್ ಅವಧಿ ಪೂರ್ತಿ ಮಾಡಿ. ಅನುಭವ ಪತ್ರದಲ್ಲಿ ನಿಮ್ಮ ಹುದ್ದೆ, ಯಾವ ವಿಭಾಗ, ಸೇರಿದ ಮತ್ತು ಬಿಟ್ಟ ತಾರೀಖು, ಪೂರ್ಣಾವಧಿ ಕೆಲಸವೆಂಬ ಮಾತು, ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆ, ಸಹಿ ಮಾಡಿದವರ ಹೆಸರು ಮತ್ತು ಸೀಲು ಇವೆಯೇ ಎಂದು ಅಲ್ಲೇ ನಿಂತು ಓದಿ. ತಾರೀಖು ಪಿಎಫ್ ದಾಖಲೆಗೆ ಹೊಂದಬೇಕು. ರಿಲೀವಿಂಗ್ ಲೆಟರೂ ಕೈಗೆ ಬಂದ ಮೇಲೆಯೇ ಐಡಿ ಕಾರ್ಡು, ಲಾಕರ್ ಕೀ ವಾಪಸ್ ಕೊಡಿ.